ತಂಗಿಯ ಮೇಜಿನ ಮೇಲಿದ್ದ ಕೀಬೋರ್ಡು

"ಇದು ನಿಮ್ಮ ತಂಗೀದಲ್ಲ," ಎಂದರು ಅಂಗಡಿಯ ಯಜಮಾನರು.

ಬಗ್ಗಿಸಿದ ತಂತಿಯಿಂದ ಅವರು ಆಗಲೇ ನಾಲ್ಕು ಕೀಗಳ ಮೇಲಿನ ಟೋಪಿ ಕಿತ್ತು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಹೊರಗೆ ನಡುಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ನನ್ನ ಕೈಕಾಲು ಮಾತ್ರ ತಣ್ಣಗಾಗಿದ್ದವು.

"ಸರಿಯಾಗಿ ನೋಡಿ ಯಜಮಾನ್ರೇ. ಬಣ್ಣ ಅದೇ ಇದೆ. ಮೂಲೇಲಿರೋ ಕಿತ್ತಳೆ ಕೀ ಕೂಡ ಅದೇ."

"ಬಣ್ಣ ನೋಡಿ ಗುರುತು ಹಿಡಿಯೋಕೆ ಇದೇನು ಕೊಡೇನಾ ತಾಯಿ? ಒಳಗೆ ನೋಡ್ಬೇಕು. ನಿಮ್ಮ ತಂಗಿಗೆ ನಾನು ಕೀಗಳ ಕೆಳಗೆ ಹಾಕಿಕೊಟ್ಟಿದ್ದು ಸದ್ದಿಲ್ಲದ ಸ್ವಿಚ್ಚು. ಇದನ್ನ ಕೇಳಿ."

ಅವರು ಒಂದು ಕೀ ಒತ್ತಿದರು. ಟಕ್! ನಾನು ಕುಳಿತಲ್ಲೇ ಬೆಚ್ಚಿಬಿದ್ದೆ.

ಅಂಚೆ ಕಚೇರಿಗೆ ಹೋಗಿ ಬರ್ತೀನಿ ಎಂದು ಹೊರಟ ತಂಗಿ ಕಾಣೆಯಾಗಿ ಅಂದಿಗೆ ನಾಲ್ಕು ದಿನ. ನಾಲ್ಕು ದಿನದಿಂದ ನಾನು ಪ್ರತಿ ಸದ್ದಿಗೂ ಹೀಗೇ ಬೆಚ್ಚುತ್ತಿದ್ದೆ. ಲಿಫ್ಟು ನಿಂತರೆ ಎದೆ ಝಲ್ಲೆನ್ನುತ್ತಿತ್ತು, ಫೋನು ಅದುರಿದರೆ ನಾಲಿಗೆ ಒಣಗುತ್ತಿತ್ತು.

ಆ ಬೆಳಿಗ್ಗೆ ಅವಳ ಕೋಣೆಗೆ ಹೋಗಿದ್ದು ಧೂಳು ಒರೆಸುವ ನೆಪದಲ್ಲಿ. ಏನನ್ನೂ ಮುಟ್ಟಬೇಡಿ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದ್ದರು. ಆದರೆ ಖಾಲಿ ಕುರ್ಚಿಯನ್ನು ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ನೋಡುವುದು? ಒರೆಸುತ್ತ ಒರೆಸುತ್ತ ಕೀಬೋರ್ಡಿನ ಸ್ಪೇಸ್ ಬಾರ್ ಮೇಲೆ ಕಣ್ಣು ನಿಂತಿತು. ಅದರ ಬಲಭಾಗ ಸವೆದು ಮಿರಮಿರ ಹೊಳೆಯುತ್ತಿತ್ತು.

ನಾನು ಹಲ್ಲಿನ ಸೆಟ್ಟು ಮಾಡುವವಳು. ಹದಿನೆಂಟು ವರ್ಷದಿಂದ ಜನರ ಬಾಯಿಯ ಅಚ್ಚು ಕೈಯಲ್ಲಿ ಹಿಡಿದು ಕೂತಿದ್ದೇನೆ. ಯಾರು ಎಡಗಡೆ ಅಗಿಯುತ್ತಾರೆ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಎಂಬುದನ್ನು ಸವೆತ ನೋಡಿಯೇ ಹೇಳಬಲ್ಲೆ. ಅಭ್ಯಾಸವನ್ನು ಬಾಯಿ ಮುಚ್ಚಿಡಬಹುದು, ಹಲ್ಲು ಮುಚ್ಚಿಡುವುದಿಲ್ಲ.

ನನ್ನ ತಂಗಿಯ ಬಲ ಹೆಬ್ಬೆರಳು ಮಡಚುವುದಿಲ್ಲ. ಅವಳಿಗೆ ಆರು ವರ್ಷವಿದ್ದಾಗ ಬಾಗಿಲ ಸಂದಿಯಲ್ಲಿ ಅದನ್ನು ಜಜ್ಜಿದ್ದು ನಾನೇ. ಸಿಟ್ಟಿನಲ್ಲಿ ಬಾಗಿಲು ದೂಡಿದ್ದೆ. ಅಂದಿನಿಂದ ಅವಳು ಸ್ಪೇಸ್ ಬಾರ್ ಒತ್ತುವುದು ಎಡ ಹೆಬ್ಬೆರಳಿನಲ್ಲಿ ಮಾತ್ರ. ಸವೆಯುವುದಿದ್ದರೆ ಎಡಭಾಗ ಸವೆಯಬೇಕಿತ್ತು.

ಒತ್ತಿ ನೋಡಿದೆ. ಟಕ್ ಎಂದಿತು. ಪಕ್ಕದ ಕೋಣೆಯಲ್ಲಿ ಮಲಗುವ ನನಗೆ ತೊಂದರೆಯಾಗಬಾರದೆಂದು ಮೂರು ಸಲ ಅಂಗಡಿಗೆ ಅಲೆದು ಸದ್ದಿಲ್ಲದ ಕೀಬೋರ್ಡು ಆರಿಸಿದವಳು ಅವಳು. ಚೀಲಕ್ಕೆ ಹಾಕಿಕೊಂಡು ನೇರ ಇಲ್ಲಿಗೆ ಓಡಿ ಬಂದಿದ್ದೆ.

"ಎರಡು ತಿಂಗಳ ಹಿಂದೆ ಬಂದಿದ್ರು ನಿಮ್ಮ ತಂಗಿ," ಎಂದರು ಯಜಮಾನರು. ಅರವತ್ತು ದಾಟಿದ ಮನುಷ್ಯ. ಕನ್ನಡಕವನ್ನು ಹಣೆಗೇರಿಸಿ ಅದನ್ನೇ ಹುಡುಕುವ ಪೈಕಿ. "ನನ್ನ ಪ್ರಾಣ ತಿಂದುಬಿಟ್ರು. ಹಗಲು ಡಾಕ್ಟರುಗಳ ವರದಿ ಟೈಪ್ ಮಾಡೋ ಕೆಲಸ ಅಂತೆ. ಒಂದು ಸೊನ್ನೆ ಹೆಚ್ಚಿಗೆ ಬಿದ್ರೆ ಯಾರದೋ ಔಷಧಿ ಹತ್ತು ಪಟ್ಟಾಗತ್ತೆ, ಅದಕ್ಕೆ ಒತ್ತಿದ್ದು ಬೆರಳಿಗೆ ಗೊತ್ತಾಗಬೇಕು ಅಂದ್ರು. ಸರಿ, ಒಳಗೆ ಸಣ್ಣ ಗಂಟಿರೋ ಸ್ವಿಚ್ಚು ಕೊಟ್ಟೆ. ಆಮೇಲೆ ಸಂಜೆ ಗೇಮ್ ಆಡ್ತೀನಿ, ಗಂಟಿದ್ರೆ ಕೈ ನಿಧಾನ ಆಗತ್ತೆ ಅಂದ್ರು. ಬೆಣ್ಣೆ ಹಾಗೆ ಜಾರೋದು ಕೊಟ್ಟೆ. ಅದರಲ್ಲಿ ಕೆಲಸ ಆಗಲ್ಲ ಅಂದ್ರು!"

"ಅವಳು ಹಾಗೇನೆ," ಎಂದೆ.

"ಕೊನೆಗೆ ನಾನೇ ಸೋತು, ಗೇಮಲ್ಲಿ ಓಡೋಕೆ ಬೇಕಾಗೋ ಈ ನಾಲ್ಕು ಕೀಗೆ ಮಾತ್ರ ಜಾರೋ ಸ್ವಿಚ್ಚು ಹಾಕ್ದೆ, ಉಳಿದದ್ದಕ್ಕೆಲ್ಲ ಗಂಟಿಂದು. ಅಂಥ ಕೀಬೋರ್ಡು ನನ್ನ ಅಂಗಡೀಲಿ ಅದೊಂದೇ. ಇದರಲ್ಲಿ ಎಲ್ಲಾ ಕೀಗೂ ಸದ್ದಿನ ಸ್ವಿಚ್ಚಿದೆ ನೋಡಿ."

ಅವರು ಅದನ್ನು ತಿರುಗಿಸಿ ಪಕ್ಕದ ಗುಂಡಿ ಜರುಗಿಸಿದರು. ಮೇಲೆ ಒಂದು, ಎರಡು, ಮೂರು ಎಂದು ಬರೆದಿದ್ದ ಪುಟ್ಟ ದೀಪಗಳಲ್ಲಿ ಮೂರನೆಯದು ನೀಲಿಯಾಗಿ ಮಿಟುಕತೊಡಗಿತು.

"ಇದಕ್ಕೆ ವೈರಿಲ್ಲ. ಮೂರು ಕಂಪ್ಯೂಟರಿನ ಜೊತೆ ನಂಟು ಮಾಡಿಸ್ಬಹುದು. ಒಂದೂ ಎರಡೂ ಖಾಲಿ. ಮೂರನೇದಕ್ಕೆ ಯಾವುದೋ ಲ್ಯಾಪ್‌ಟಾಪ್ ಇದೆ. ಮಿಟುಕ್ತಿದೆ ಅಂದ್ರೆ ಅದನ್ನ ಹುಡುಕ್ತಿದೆ. ಮೂವತ್ತು ಅಡಿ ಒಳಗೆ ಆ ಲ್ಯಾಪ್‌ಟಾಪ್ ಬಂದ್ರೆ ದೀಪ ನಿಂತು ಉರಿಯತ್ತೆ."

"ಯಾರದು ಅಂತ ಹೇಳೋಕಾಗಲ್ವಾ?"

"ಕೀಬೋರ್ಡು ಹೇಳಲ್ಲ. ನನ್ನ ಕಾರ್ಡು ಹೇಳತ್ತೆ." ಅವರು ಎದೆಯುಬ್ಬಿಸಿದರು. "ನನ್ನ ಅಂಗಡೀಲಿ ಒಂದು ನಿಯಮ. ಕೊಳ್ಳೋರು ದಿನಾ ಏನು ಟೈಪ್ ಮಾಡ್ತಾರೋ ಅದನ್ನೇ ಇಲ್ಲಿ ಕೂತು ಐದು ನಿಮಿಷ ಟೈಪ್ ಮಾಡ್ಬೇಕು. ಬಂದವರು ಕೈಗೆ ಬಂದಿದ್ದು ಹೊಡೆದ್ರೆ ಬೆರಳಿನ ನಿಜ ಗೊತ್ತಾಗಲ್ಲ. ಅದನ್ನ ಪ್ರಿಂಟ್ ತೆಗೆದು ಕಾರ್ಡಿಗೆ ಅಂಟಿಸಿ ಇಟ್ಟಿರ್ತೀನಿ. ಈ ಬಣ್ಣದ್ದು ಬಂದಿದ್ದೇ ಎರಡು. ಇನ್ನೊಂದು ಯಾರಿಗೆ ಹೋಯ್ತು, ಈಗ ಹುಡುಕ್ತೀನಿ."

ಅವರು ಬೆಂಚಿನ ಕೆಳಗಿಂದ ಚಪ್ಪಲಿ ಡಬ್ಬಗಳನ್ನು ಎಳೆದರು. ಡಬ್ಬದ ತುಂಬ ಕಾರ್ಡುಗಳು, ಹಿಂದುಮುಂದಾಗಿ ತುರುಕಿದ್ದವು.

ನಾನು ಫೋನು ತೆಗೆದೆ.

ಈ ನಾಲ್ಕು ದಿನ ನನಗೆ ಇದ್ದ ಒಂದೇ ಆಸರೆ ಇನ್‌ಸ್ಪೆಕ್ಟರ್ ಸಾಹೇಬರು. ಮೊದಲ ದಿನ ಅವರೇ ಮನೆಗೆ ಬಂದರು, ತಂಗಿಯ ಕುರ್ಚಿಯಲ್ಲೇ ಕೂತು ನನ್ನ ಹೇಳಿಕೆ ಬರೆದುಕೊಂಡರು. ಮೆತ್ತಗಿನ ಮಾತು. ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಹೋಗುವಾಗ ತಂಗಿಯ ಲ್ಯಾಪ್‌ಟಾಪ್ ತೆಗೆದುಕೊಂಡರು. ಕೀಬೋರ್ಡು ಬೇಡವೇ ಎಂದದ್ದಕ್ಕೆ ಅದರಲ್ಲೇನಿರತ್ತಕ್ಕ ಎಂದು ನಕ್ಕಿದ್ದರು. ನಿನ್ನೆ ಸಂಜೆ ಮಾತ್ರ ಫೋನು ಮಾಡಿ, ಅದೂ ಬೇಕಾಗತ್ತೆ, ಯಾರೂ ಮುಟ್ಟಬೇಡಿ, ನಾಳೆ ಬಂದು ತಗೊಂಡು ಹೋಗ್ತೀನಿ ಎಂದಿದ್ದರು.

"ಸಾರ್, ಅವಳ ಮೇಜಿನ ಮೇಲಿರೋ ಕೀಬೋರ್ಡು ಅವಳದಲ್ಲ! ಯಾರೋ ಬದಲಾಯಿಸಿದಾರೆ!" ಒಂದೇ ಉಸಿರಿಗೆ ಹೇಳಿದೆ.

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಎಲ್ಲಿದೀರಕ್ಕ ನೀವು?"

ಅಂಗಡಿ ಎಲ್ಲಿದೆ ಎಂದು ಹೇಳಿದೆ.

"ಅಂಗಡಿಯವರಿಗೆ ಏನಾದ್ರೂ ನೆನಪಿದೆಯಾ?"

"ಅದೇನೋ ಕಾರ್ಡಿದೆಯಂತೆ. ಹುಡುಕ್ತಿದಾರೆ ಸಾರ್."

"ಒಳ್ಳೇದು. ನೀವು ಅಲ್ಲೇ ಇರಿ. ಆ ಕೀಬೋರ್ಡ್ ಯಾರ ಕೈಗೂ ಕೊಡಬೇಡಿ. ಇಪ್ಪತ್ತು ನಿಮಿಷದಲ್ಲಿ ಬರ್ತೀನಿ. ಆ ಗೇಮ್ ತಂಡದ ಕ್ಯಾಪ್ಟನ್ ಏನಾದ್ರೂ ಕಂಡ್ರೆ ಮಾತಾಡ್ಬೇಡಿ, ಹುಷಾರು. ಭಯ ಬೀಳಬೇಡಿ ಅಕ್ಕ, ನಾನಿದೀನಲ್ಲ."

ನಾಲ್ಕು ದಿನದಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆಳೆದುಕೊಂಡೆ. ಆ ಉಸಿರು ಹೊರಬರುವ ಮೊದಲೇ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಕ್ಯಾಪ್ಟನ್ ಒಳಬಂದ.

ಫೋಟೋದಲ್ಲಿ ನೋಡಿದ್ದರಿಂದ ತಕ್ಷಣ ಗುರುತು ಸಿಕ್ಕಿತು. ತಂಗಿಯ ಗೇಮಿನ ತಂಡದ ನಾಯಕ. ಸಂಜೆ ಐದು ಜನರನ್ನು ಯುದ್ಧಕ್ಕೆ ನಡೆಸುವ ಇವನು ಹಗಲು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುತ್ತಾನೆ. ಸಣಕಲು ದೇಹ, ಎರಡೂ ಮಣಿಕಟ್ಟಿಗೆ ಕಪ್ಪು ಪಟ್ಟಿ. ತಂಗಿ ಕಾಣೆಯಾಗುವ ಹಿಂದಿನ ದಿನ ಅವಳ ಜೊತೆ ಜಗಳವಾಡಿದವನು. ಅಂದಿನಿಂದ ತಲೆಮರೆಸಿಕೊಂಡಿದ್ದಾನೆ ಎಂದು ಸಾಹೇಬರೇ ಹೇಳಿದ್ದರು.

ಅಂಥವನು ನನ್ನ ಬೆನ್ನು ಹತ್ತಿ ಇಲ್ಲಿಗೆ ಬಂದಿದ್ದ. ನಾನು ಕೀಬೋರ್ಡನ್ನು ಎದೆಗವಚಿಕೊಂಡು ಗೋಡೆಗೆ ಒರಗಿದೆ.

"ಹತ್ರ ಬರಬೇಡ! ಬಂದ್ರೆ ಕೂಗ್ತೀನಿ!"

"ಅಕ್ಕಾ, ನಾನು—"

"ಎಲ್ಲಿಟ್ಟಿದೀಯ ನನ್ನ ತಂಗೀನ? ನಿನ್ನ ಕಾಲಿಗೆ ಬೀಳ್ತೀನಿ, ಹೇಳು. ಎಲ್ಲಿದಾಳೆ?"

ಅವನ ಮುಖ ಅಳುವಂತಾಯಿತು. "ನಾನೂ ಅದನ್ನೇ ಕೇಳೋಕೆ ಬಂದೆ ಅಕ್ಕ. ನಿಮ್ಮ ಮನೆಗೆ ಹೋಗಿದ್ದೆ. ಕೀಬೋರ್ಡ್ ತಗೊಂಡು ಅಂಗಡಿಗೆ ಹೋದ್ರು ಅಂತ ಎದುರು ಮನೆಯವರು ಹೇಳಿದ್ರು. ಅವಳಿಗೆ ಈ ಅಂಗಡಿ ತೋರಿಸಿದ್ದೇ ನಾನು."

"ಮತ್ತೆ ಜಗಳ ಯಾಕಾಡ್ದೆ?"

"ಆಡ್ದೆ. ನಿಜ. ಅವಳಿಗೊಬ್ಬ ಕಾಟ ಕೊಡ್ತಿದ್ದ. ಕೀಬೋರ್ಡ್ ಆರಿಸೋಕೆ ಬಂದಾಗ ಇದೇ ಅಂಗಡೀಲಿ ಸಿಕ್ಕವನಂತೆ. ಮೊದಲು ಒಳ್ಳೆಯವನ ಹಾಗೆ ಮಾತಾಡ್ದ. ಆಮೇಲೆ ದಿನಾ ಮೆಸೇಜು, ದಿನಾ ಗೇಮಿಗೆ ಬಾ ಅನ್ನೋದು, ಬರಲಿಲ್ಲ ಅಂದ್ರೆ ಎಲ್ಲಿದ್ದೆ ಯಾರ ಜೊತೆಗಿದ್ದೆ ಅನ್ನೋದು. ಅಕ್ಕನಿಗೆ ಹೇಳು ಅಂದೆ. ಅಕ್ಕ ಹೆದರ್ಕೋತಾಳೆ, ಬೇಡ ಅಂದ್ಲು. ಅದಕ್ಕೇ ಜಗಳ."

ನನಗೆ ಎಲ್ಲೋ ಕುಟುಕಿದಂತಾಯಿತು. ಅಕ್ಕ ಹೆದರ್ಕೋತಾಳೆ. ಅದು ಅವಳದೇ ಮಾತು, ಅನುಮಾನವಿಲ್ಲ.

"ಇದನ್ನೆಲ್ಲ ಪೊಲೀಸಿಗೆ ಹೇಳದೆ ಯಾಕೆ ಓಡಿಹೋದೆ?"

"ಓಡಿಹೋದೆನಾ?" ಅವನು ಕಣ್ಣು ಬಿಟ್ಟ. "ಮೂರು ಸಲ ಸ್ಟೇಷನ್ನಿಗೆ ಹೋಗಿದೀನಿ ಅಕ್ಕ. ಮೊದಲನೇ ದಿನ, ಎರಡನೇ ದಿನ, ಇವತ್ತು ಬೆಳಿಗ್ಗೆ. ಕೂರಿಸಿ, ಎಲ್ಲಾ ಕೇಳಿ ಬರ್ಕೊಂಡ್ರು. ಕೀಬೋರ್ಡ್ ಅಂಗಡೀಲಿ ವಿಚಾರಿಸಿ ಸಾರ್ ಅಂತ ಬೇಡ್ಕೊಂಡೆ. ವಿಚಾರಿಸಿ ಆಯ್ತು, ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಅಂದ್ರು."

ಯಜಮಾನರು ಡಬ್ಬದಿಂದ ತಲೆಯೆತ್ತಿದರು. "ಯಾರು ವಿಚಾರಿಸಿದ್ದು? ಇಲ್ಲಿಗೆ ಒಂದು ನರಪಿಳ್ಳೆ ಬಂದಿಲ್ಲ!"

"ಯಾರ ಹತ್ರ ಹೇಳಿದೆ?" ನನ್ನ ಧ್ವನಿ ನನಗೇ ಕೇಳಿಸಲಿಲ್ಲ. "ಸ್ಟೇಷನ್ನಲ್ಲಿ, ಯಾರ ಹತ್ರ?"

"ಆ ಕನ್ನಡಕದ ಇನ್‌ಸ್ಪೆಕ್ಟರ್ ಹತ್ರ. ಮೆತ್ತಗೆ ಮಾತಾಡ್ತಾರಲ್ಲ, ಅವರು."

ಇವನು ಸುಳ್ಳು ಹೇಳುತ್ತಿರಬೇಕು. ಸುಳ್ಳೇ ಆಗಿರಲಿ ದೇವರೇ ಎಂದುಕೊಂಡೆ. ಯಾಕೆಂದರೆ ಇವನ ಮಾತು ನಿಜವಾದರೆ ನಾನು ನಾಲ್ಕು ದಿನದಿಂದ ಯಾರ ಮುಂದೆ ಅತ್ತೆ?

"ಸಿಕ್ತು!" ಎಂದರು ಯಜಮಾನರು.

ಎರಡು ಕಾರ್ಡು. ಎರಡರ ಮೇಲೂ ಒಂದೇ ತಾರೀಖು. ನಾನು ಕೀಬೋರ್ಡನ್ನು ಗಾಜಿನ ಮೇಲಿಟ್ಟು ಬಗ್ಗಿ ನೋಡಿದೆ.

"ಈಗ ನೆನಪಾಯ್ತು ನೋಡಿ. ಇಬ್ಬರೂ ಅಕ್ಕಪಕ್ಕ ಕೂತು ಆರಿಸಿದ್ದು. ಎರಡು ಗಂಟೆ! ಇವರು ನಿಮ್ಮ ತಂಗಿ."

ಮೊದಲ ಚೀಟಿಯಲ್ಲಿ ಅವಳ ದಿನನಿತ್ಯದ ಕೆಲಸವಿತ್ತು. 'ರೋಗಿಯ ಎಡ ಮೊಣಕಾಲಿನಲ್ಲಿ ಊತ ಇಳಿದಿದೆ. ಜ್ವರವಿಲ್ಲ. ಒಂದು ವಾರದ ನಂತರ ಮತ್ತೆ ನೋಡುವುದು.' ಕೆಳಗೆ ಯಜಮಾನರ ಕೈಬರಹ: ಎಡ ಹೆಬ್ಬೆರಳು ಮಾತ್ರ. ಹಗುರ ಕೈ. ಮಾತು ಜಾಸ್ತಿ.

ಎರಡನೇ ಚೀಟಿಯನ್ನು ಯಜಮಾನರು ನನ್ನತ್ತ ತಿರುಗಿಸಿದರು.

'ದೂರುದಾರರ ಹೇಳಿಕೆ. ಕಾಣೆಯಾದವರ ವಯಸ್ಸು, ಎತ್ತರ, ಮೈಬಣ್ಣ. ಕೊನೆಯ ಬಾರಿ ಕಂಡಾಗ ಧರಿಸಿದ್ದ ಉಡುಪು. ಮೇಲ್ಕಂಡ ಹೇಳಿಕೆಯನ್ನು ದೂರುದಾರರಿಗೆ ಓದಿ ಹೇಳಲಾಗಿ, ಸರಿಯಿದೆಯೆಂದು ಒಪ್ಪಿರುತ್ತಾರೆ.'

ಈ ಕೊನೆಯ ಸಾಲಿನ ಕೆಳಗೆ ನಾಲ್ಕು ದಿನದ ಹಿಂದೆ ನಾನು ಸಹಿ ಹಾಕಿದ್ದೆ.

"ಕನ್ನಡಕ ಹಾಕಿದ್ದ," ಎನ್ನುತ್ತಿದ್ದರು ಯಜಮಾನರು. "ಏನು ಕೆಲಸ ಅಂತ ಹೇಳಲಿಲ್ಲ. ಜೋರು ಸದ್ದಿನ ಸ್ವಿಚ್ಚೇ ಬೇಕು ಅಂದ. ಯಾಕಪ್ಪಾ ಅಂದೆ. ಎದುರಿಗೆ ಕೂತವರಿಗೆ ನಾನು ಬರ್ಕೊಳ್ತಿದೀನಿ ಅಂತ ಕೇಳಿಸ್ಬೇಕು, ಆಗ ಅವರಿಗೆ ಸಮಾಧಾನ ಆಗತ್ತೆ ಅಂದ."

ಆ ಸದ್ದು ನನಗೆ ನೆನಪಾಯಿತು. ಕೈಯಲ್ಲಿದ್ದ ಟವೆಲ್ಲಿಗೆ ಮುಖ ಒತ್ತಿಕೊಂಡು ಅಳುತ್ತ ಕೂತಿದ್ದೆ. ಅವನು ತಂಗಿಯ ಸಾಮಾನನ್ನು ಮೇಜಿನ ಮೂಲೆಗೆ ಸರಿಸಿ, ಚೀಲದಿಂದ ತನ್ನ ಲ್ಯಾಪ್‌ಟಾಪೂ ಕೀಬೋರ್ಡೂ ತೆಗೆದು, ಟಕಟಕ ಟಕಟಕ ಬರೆದುಕೊಂಡ. ನಿಜ, ನನಗೆ ಸಮಾಧಾನವಾಗಿತ್ತು. ಎದ್ದು ಹೋಗುವಾಗ ಒಂದೇ ಬಣ್ಣದ ಎರಡರಲ್ಲಿ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡಿದ್ದ. ತಪ್ಪಾಗಿ ಬದಲಾಯಿತು ಎಂದು ಮರುದಿನವೇ ಹೇಳಿದ್ದರೆ ನಗುನಗುತ್ತ ಕೊಟ್ಟುಬಿಡುತ್ತಿದ್ದೆ. ಆದರೆ ಹಾಗೆ ಹೇಳಿದರೆ, ಅದೇ ಬಣ್ಣದ್ದು ನಿಮಗೆಲ್ಲಿ ಸಿಕ್ಕಿತು ಸಾರ್ ಎಂದು ನಾನು ಕೇಳುತ್ತಿದ್ದೆ.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಇನ್ನೊಂದು ನೆನಪು. ಅವನು ನನ್ನನ್ನು ಕೇಳಿದ್ದ: ನಿಮ್ಮ ತಂಗಿ ನೋಡೋಕೆ ಹೇಗಿದಾರಕ್ಕ? ಎತ್ತರ ಎಷ್ಟಿರಬಹುದು? ನಾನು ಎದ್ದು ನಿಂತು ಕೈಯನ್ನು ಕಿವಿಯ ಮಟ್ಟಕ್ಕೆ ಹಿಡಿದು ತೋರಿಸಿದ್ದೆ. ಎರಡು ಗಂಟೆ ಅವಳ ಪಕ್ಕ ಕೂತಿದ್ದವನು ತಲೆದೂಗಿ ಬರೆದುಕೊಂಡಿದ್ದ.

"ನಾನು ಅವನಿಗೆ ಫೋನ್ ಮಾಡಿಬಿಟ್ಟೆ," ಎಂದೆ. "ಈಗಷ್ಟೇ. ಕಾರ್ಡಿನ ವಿಷಯಾನೂ ಹೇಳಿಬಿಟ್ಟೆ."

ಇಬ್ಬರೂ ನನ್ನ ಮುಖ ನೋಡಿದರು.

"ಎಷ್ಟೊತ್ತಾಯ್ತು?" ಎಂದ ಕ್ಯಾಪ್ಟನ್.

ಗಡಿಯಾರ ನೋಡಿದೆ. "ಆರು ನಿಮಿಷ. ಇಪ್ಪತ್ತು ನಿಮಿಷ ಅಂದಿದಾನೆ. ಅಷ್ಟರಲ್ಲಿ—"

ಮಾತು ಅಲ್ಲೇ ನಿಂತಿತು. ಗಾಜಿನ ಮೇಲಿದ್ದ ಕೀಬೋರ್ಡಿನ ಮೂರನೇ ದೀಪ ಮಿಟುಕುವುದನ್ನು ಬಿಟ್ಟಿತ್ತು. ಅಲ್ಲಾಡದೆ ನೀಲಿಯಾಗಿ ಉರಿಯುತ್ತಿತ್ತು.

ಆ ಲ್ಯಾಪ್‌ಟಾಪ್ ಮೂವತ್ತು ಅಡಿಯೊಳಗೆ ಬಂದಿತ್ತು. ಮುಂದಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ನಿಲ್ಲಿಸುವುದಿದ್ದರೆ ಅಂಗಡಿಯ ಹಿಂದಿನ ಓಣಿಯಲ್ಲೇ.

ಯಜಮಾನರು ಎರಡನೇ ಕಾರ್ಡನ್ನು ಅಂಗಿಯೊಳಗೆ ತುರುಕಿಕೊಂಡರು. ನನಗೆ ಎಲ್ಲಿಂದ ಬುದ್ಧಿ ಬಂತೋ ತಿಳಿಯದು, ಕ್ಯಾಪ್ಟನ್ನಿನ ತೋಳು ಹಿಡಿದು ಹಿಂದಿನ ಕೋಣೆಯತ್ತ ದೂಡಿದೆ.

"ನಿನ್ನನ್ನ ನೋಡಿದ್ರೆ ಬಿಡಲ್ಲ ಅವನು. ಹಿಂದಿನ ಬಾಗಿಲಿಂದ ಹೋಗು. ಯಾವ ಗಾಡಿ ನಿಂತಿದೆ ನೋಡ್ಕೋ, ನಂಬರ್ ಬರ್ಕೋ, ಯಾರನ್ನಾದ್ರೂ ಕರ್ಕೊಂಡು ಬಾ. ಹೋಗು!"

"ನಿಮ್ಮನ್ನ ಬಿಟ್ಟು ಹೇಗಕ್ಕ—"

"ಹೋಗು ಅಂದ್ನಲ್ಲ!"

ಅವನು ಮರೆಯಾದ. ಮುಂದಿನ ಗಾಜಿನ ಬಾಗಿಲು ತೆರೆಯಿತು.

"ಅಕ್ಕ," ಎಂದ ಇನ್‌ಸ್ಪೆಕ್ಟರ್. "ಪಕ್ಕದ ರಸ್ತೇಲೇ ಇದ್ದೆ, ಬೇಗ ಬಂದೆ."

ಅದೇ ಮೆತ್ತಗಿನ ಧ್ವನಿ. ಅದೇ ಕನ್ನಡಕ. ಸಮವಸ್ತ್ರವಿರಲಿಲ್ಲ, ಕಂದು ಅಂಗಿ. ಕೈಯಲ್ಲಿ ಚೀಲವಿಲ್ಲ, ಲ್ಯಾಪ್‌ಟಾಪ್ ಇಲ್ಲ. ಕಾರಿನ ಕೀಯನ್ನು ಗಾಜಿನ ಮೇಲಿಟ್ಟು, ಪಕ್ಕದಲ್ಲೇ ಎರಡೂ ಅಂಗೈ ಊರಿ ನಿಂತ. ನನ್ನ ಕಣ್ಣು ಅವನ ಬಲ ಹೆಬ್ಬೆರಳಿನ ಮೇಲೆ ಹೋಯಿತು. ಬೇಡವೆಂದರೂ ಅಲ್ಲಿಂದ ಕದಲಲಿಲ್ಲ.

"ಮುಖ ಯಾಕೆ ಹೀಗಾಗಿದೆ? ಊಟ ಮಾಡಿಲ್ವಾ?"

"ಇಲ್ಲ ಸಾರ್."

"ಮಾಡ್ಬೇಕಕ್ಕ. ಅವಳು ವಾಪಸ್ ಬಂದಾಗ ನೀವು ಗಟ್ಟಿಯಾಗಿರ್ಬೇಕಲ್ವಾ." ಅವನು ಯಜಮಾನರ ಕಡೆ ತಿರುಗಿದ. "ಏನೋ ಕಾರ್ಡಂತೆ?"

"ಎಲ್ಲಿ ಸಿಗತ್ತೆ ಸ್ವಾಮಿ," ಎಂದರು ಯಜಮಾನರು, ಡಬ್ಬ ಕೆದಕುತ್ತ. "ನನ್ನ ಕನ್ನಡಕಾನೇ ನನಗೆ ಸಿಗಲ್ಲ. ಹೋದ ವರ್ಷದ್ದೆಲ್ಲ ರದ್ದಿಗೆ ಹಾಕಿದೀನಿ ಅಂತ ಕಾಣತ್ತೆ."

ಇಷ್ಟು ಹೆದರಿದ ಮನುಷ್ಯ ಇಷ್ಟು ಚೆನ್ನಾಗಿ ಸುಳ್ಳು ಹೇಳುವುದನ್ನು ನಾನು ನೋಡಿರಲಿಲ್ಲ. ಇನ್‌ಸ್ಪೆಕ್ಟರ್ ಅವರ ಮುಖವನ್ನೇ ದಿಟ್ಟಿಸಿದ. ಅವರು ತನ್ನ ಗುರುತು ಹಿಡಿದರೋ ಎಂದು ಅಳೆಯುತ್ತಿದ್ದ. ಯಜಮಾನರು ಕಣ್ಣು ಕಿರಿದು ಮಾಡಿ ಪೆದ್ದುಪೆದ್ದಾಗಿ ನಕ್ಕರು. ಕನ್ನಡಕ ಹಣೆಯ ಮೇಲೇ ಇತ್ತು.

"ಸರಿ. ಕೀಬೋರ್ಡ್ ಕೊಡಿ ಅಕ್ಕ."

ಅವನು ಕೈ ಚಾಚಿದ. ನಾನು ಅದನ್ನೆತ್ತಿ, ಕೀಗಳು ನನ್ನತ್ತ ಬರುವಂತೆ ಎದೆಯ ಬಳಿ ಹಿಡಿದೆ. ಕೊಡಬೇಕೆಂದೇ ಎತ್ತಿದ್ದು. ಕೊಟ್ಟರೆ ನಾವಿಬ್ಬರೂ ಬದುಕಿಕೊಳ್ಳುತ್ತೇವೆ ಎಂದು ಮನಸ್ಸು ಕೂಗುತ್ತಿತ್ತು. ಆಗ ಕೀಬೋರ್ಡಿನ ಎಡ ಅಂಚಿನಲ್ಲಿ ಇನ್ನೊಂದು ದೀಪ ಹೊತ್ತಿತು.

ಬಿಳಿ ದೀಪ. ಕ್ಯಾಪ್ಸ್ ಲಾಕ್ ಕೀಯದು. ನಾನು ಅದನ್ನು ಮುಟ್ಟಿರಲಿಲ್ಲ.

ಆರಿತು. ಹೊತ್ತಿತು. ಆರಿತು. ಹೊತ್ತಿತು. ಆರಿತು.

ನನ್ನ ನೋಟದ ಜಾಡು ಹಿಡಿದು ಯಜಮಾನರೂ ಅದನ್ನು ಕಂಡರು. ಅವರ ಕೈಯಿಂದ ಒಂದು ಹಿಡಿ ಕಾರ್ಡು ನೆಲಕ್ಕೆ ಬಿತ್ತು. ಇನ್‌ಸ್ಪೆಕ್ಟರ್ ಅತ್ತ ತಿರುಗಿದ.

"ಹಾಳು ಕೈ ಸ್ವಾಮಿ," ಎಂದು ಬಗ್ಗಿದರು ಯಜಮಾನರು. ಬಗ್ಗಿದವರು, ತಮ್ಮಷ್ಟಕ್ಕೆ ಗೊಣಗಿಕೊಳ್ಳುವವರಂತೆ, ನನಗೆ ಕೇಳುವಷ್ಟು ಜೋರಾಗಿ ಹೇಳಿದರು: "ವಯಸ್ಸಾದವರ ಅಂಗಡಿ. ಆ ಕಡೆ ಲ್ಯಾಪ್‌ಟಾಪಲ್ಲಿ ಕ್ಯಾಪ್ಸ್ ಒತ್ತಿದ್ರೆ ಈ ಕಡೆ ಕೀಬೋರ್ಡಲ್ಲಿ ದೀಪ ಹತ್ತತ್ತೆ ಅಂತ ತೋರಿಸಿ ತೋರಿಸಿಯೇ ನನ್ನ ಆಯಸ್ಸು ಮುಗೀತು. ಒಂದು ಹುಡುಗಿ ಅಂತೂ ಹತ್ತು ಸಲ ಒತ್ತಿ ನಗ್ತಾ ಕೂತಿದ್ದಳು."

ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು. ಲ್ಯಾಪ್‌ಟಾಪ್ ಅವನ ಗಾಡಿಯಲ್ಲಿದೆ. ಅವನು ಇಲ್ಲಿ ನನ್ನ ಮುಂದೆ ಖಾಲಿ ಕೈಯಲ್ಲಿ ನಿಂತಿದ್ದಾನೆ. ಹಾಗಾದರೆ ಅಲ್ಲಿ ಕೂತು ಅದನ್ನು ಒತ್ತುತ್ತಿರುವ ಬೆರಳು ಬೇರೆಯವರದು. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಒತ್ತಬಹುದಾದ ಕೀ ಅದೊಂದೇ ಇರಬೇಕು.

ಮತ್ತೆ ದೀಪ. ಒಂದು, ಎರಡು, ಮೂರು.

ಚಿಕ್ಕಂದಿನಲ್ಲಿ ನಮ್ಮಿಬ್ಬರ ಕೋಣೆಗಳ ನಡುವೆ ಒಂದು ಗೋಡೆಯಿತ್ತು. ಕತ್ತಲಿಗೆ ಹೆದರಿದಾಗ ಅವಳು ಮೂರು ಸಲ ತಟ್ಟುತ್ತಿದ್ದಳು. ಅಕ್ಕ, ಇದೀಯಾ ಎಂದು ಅರ್ಥ. ನಾನು ಎರಡು ಸಲ ತಟ್ಟಬೇಕು. ಇದೀನಿ, ಮಲಗು ಎಂದು.

ಅವಳು ಬದುಕಿದ್ದಳು. ಮೂವತ್ತು ಅಡಿಯಲ್ಲಿದ್ದಳು. ಕೀಬೋರ್ಡು ಸಿಕ್ಕಿದೆ ಎಂದು ಆ ಲ್ಯಾಪ್‌ಟಾಪಿನ ಪರದೆ ಅವಳಿಗೆ ಹೇಳಿರಬೇಕು. ತನ್ನದು ಅವನ ಬಳಿಯಿದ್ದರೆ ಅವನದು ತನ್ನ ಮನೆಯಲ್ಲಿ, ಅಕ್ಕನ ಬಳಿ ಇರಬೇಕೆಂದು ಲೆಕ್ಕ ಹಾಕಿದ್ದಳು. ಸಂತೋಷಕ್ಕೆ ಕೂಗಿಬಿಡುತ್ತೇನೆಂದು ತುಟಿ ಕಚ್ಚಿಕೊಂಡೆ. ಇವನಿಗೆ ತಿಳಿದರೆ ಅವಳ ಗತಿ ಮುಗಿಯಿತು ಎಂಬ ಭಯಕ್ಕೆ ಕೀಬೋರ್ಡನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಎರಡೂ ಒಟ್ಟಿಗೆ.

ಉತ್ತರ ಕೊಡದೆ ಹೇಗಿರಲಿ? ಕಿರುಬೆರಳನ್ನು ಮೆಲ್ಲಗೆ ಜಾರಿಸಿ ಆ ಕೀ ಒತ್ತಿದೆ. ಹತ್ತಿಸಿ ಆರಿಸಿದೆ. ಹತ್ತಿಸಿ ಆರಿಸಿದೆ.

ಟಕ್ ಟಕ್. ಟಕ್ ಟಕ್.

ಇನ್‌ಸ್ಪೆಕ್ಟರ್ ನಿಧಾನವಾಗಿ ನನ್ನತ್ತ ತಿರುಗಿದ. ಅದು ಅವನೇ ಆರಿಸಿದ ಸದ್ದು.

"ಏನು ಒತ್ತಿದ್ರಿ?"

"ಕೈ ತಗುಲಿತು ಸಾರ್."

"ನಾಲ್ಕು ಸಲ?"

ಅವನು ಮೇಜನ್ನು ಬಳಸಿ ಬಂದ. ಮೆತ್ತಗಿನ ಧ್ವನಿ ಹಾಗೇ ಇತ್ತು, ಕಣ್ಣು ಮಾತ್ರ ಬದಲಾಗಿತ್ತು. "ಕೊಡು ಇಲ್ಲಿ," ಎಂದ. ಅಕ್ಕ ಎನ್ನಲಿಲ್ಲ. ಅವನ ಕೈ ಕೀಬೋರ್ಡಿನ ಅಂಚು ಹಿಡಿಯಿತು. ನಾನು ಬಿಡಲಿಲ್ಲ. ನಮ್ಮಿಬ್ಬರ ಕೈಗಳ ನಡುವೆ ಬಿಳಿ ದೀಪ ಮತ್ತೆ ಮೂರು ಸಲ ಹೊತ್ತಿತು. ಅವನು ಅದನ್ನು ನೋಡಿದ.

ಅದೇ ಹೊತ್ತಿಗೆ ಹಿಂದಿನ ಓಣಿಯಲ್ಲಿ ಒಂದು ಗಾಡಿ ಸ್ಟಾರ್ಟ್ ಆಯಿತು.

ಅವನ ಮುಖದ ನೀರಿಳಿಯಿತು. ನಾಲ್ಕು ದಿನ ನನ್ನ ಕನ್ನಡಿಯಲ್ಲಿ ಕಂಡ ಭಯವನ್ನು ಈಗ ಅವನ ಮುಖದಲ್ಲಿ ಕಂಡೆ. ಟೈರು ಕಿರ್ರೆಂದು ತಿರುಗಿದ ಸದ್ದು, ಆಮೇಲೆ ದೂರವಾಗುತ್ತ ಹೋದ ಎಂಜಿನ್ನಿನ ಮೊರೆತ. ಬಿಳಿ ದೀಪ ಸತ್ತಿತು. ಮೂರನೇ ನೀಲಿ ದೀಪ ಒಮ್ಮೆ ನಡುಗಿ, ಮೊದಲಿನಂತೆ ಮಿಟುಕುತ್ತ ಹುಡುಕತೊಡಗಿತು.

"ಹಿಂದೆ ಯಾರಿದ್ರು?" ಅವನು ನನ್ನ ಭುಜ ಹಿಡಿದು ಅಲುಗಾಡಿಸಿದ. "ಹೇಳು, ಹಿಂದಿನ ಕೋಣೇಲಿ ಯಾರಿದ್ರು?"

ಹಿಂದಿನ ಬಾಗಿಲು ಹಾರುಹೊಡೆದಿತ್ತು. ಓಣಿಯ ಬಿಸಿಲು ಒಳಗಿನ ನೆಲದವರೆಗೂ ಬಿದ್ದಿತ್ತು. ಅಲ್ಲಿ ಯಾರೂ ಇರಲಿಲ್ಲ.

ಕ್ಯಾಪ್ಟನ್ ಅವಳನ್ನು ಉಳಿಸಲೆಂದು ಕೊಂಡೊಯ್ದನೋ, ಇನ್ನೆಲ್ಲಿಗೋ ಕೊಂಡೊಯ್ದನೋ? ನಾಲ್ಕು ದಿನದ ಹಿಂದೆ ಒಬ್ಬನನ್ನು ನಂಬಿದ್ದೆ. ಕೆಲವೇ ನಿಮಿಷದ ಹಿಂದೆ ಇನ್ನೊಬ್ಬನನ್ನು ನಂಬಿ, ತೋಳು ಹಿಡಿದು, ನಾನೇ ಆ ಬಾಗಿಲಿಗೆ ಕಳಿಸಿದ್ದೆ.

ಕಾರಿನ ಕೀ ಮಾತ್ರ ಗಾಜಿನ ಮೇಲೆ, ಇನ್‌ಸ್ಪೆಕ್ಟರ್ ಇಟ್ಟಲ್ಲೇ ಬಿದ್ದಿತ್ತು. ಹಾಗಾದರೆ ಆ ಗಾಡಿಯನ್ನು ಓಡಿಸಿದ ಕೀ ಯಾರದು?